ನಂದಿಬೆಟ್ಟದ ತಂಪಿನಲ್ಲಿ ಕಬ್ಬನ್: ತವರಿಗೆ ಮರಳದ 61 ವರ್ಷ

ಹೂಡಿ: ಭಾನುವಾರದ ಬೆಳಕು ಹರಿಯುವುದಕ್ಕೆ ಬಹಳ ಮೊದಲೇ ಹೂಡಿ, ವೈಟ್‌ಫೀಲ್ಡ್, ಮಹದೇವಪುರದ ಬಡಾವಣೆಗಳಿಂದ ಕಾರು, ಬೈಕುಗಳು ಬೂದಿಗೆರೆ ಮಾರ್ಗವಾಗಿ ದೇವನಹಳ್ಳಿಯತ್ತ ಹೊರಡುತ್ತವೆ. ವಾರವಿಡೀ ಗಣಕಯಂತ್ರದ ಮುಂದೆ ಕುಳಿತ ತರುಣ ತರುಣಿಯರಿಗೆ ನಂದಿಬೆಟ್ಟದ ಮೇಲೆ ಸೂರ್ಯೋದಯ ಕಾಣುವ ತವಕ. ಮಂಜಿನ ನಡುವೆ ಒಂದೆರಡು ಗಂಟೆ ಕಳೆದು, ಬಿಸಿಲೇರುವ ಹೊತ್ತಿಗೆ ಅವರು ಇಳಿದು ಬರುತ್ತಾರೆ. ಬೇಸಿಗೆಯ ಧಗೆಯಿಂದ ಪಾರಾಗಲು ಇದೇ ಬೆಟ್ಟವನ್ನೇರಿ, ಒಂದೆರಡು ಗಂಟೆಯ ಬದಲು ದಿನಗಟ್ಟಲೆ ಅಲ್ಲಿಯೇ ತಂಗುತ್ತಿದ್ದ ಒಬ್ಬ ಮನುಷ್ಯನ ಹೆಸರು ಬೆಂಗಳೂರಿನ ಎಲ್ಲರಿಗೂ ಗೊತ್ತು. ಆತನ ಬದುಕು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಆತ ಸರ್ ಮಾರ್ಕ್ ಕಬ್ಬನ್.

ಕಬ್ಬನ್ ಪಾರ್ಕ್, ಕಬ್ಬನ್ ರಸ್ತೆ, ನೇಕಾರರ ಮಗ್ಗಗಳಿಗೆ ಹೆಸರಾದ ಕಬ್ಬನ್‌ಪೇಟೆ, ಈಗ ಮೆಟ್ರೋ ನಿಲ್ದಾಣ. ದಿನಕ್ಕೆ ಹತ್ತಾರು ಬಾರಿ ನಗರವಾಸಿಗಳ ನಾಲಿಗೆಯ ಮೇಲೆ ಸುಳಿಯುವ ಈ ಹೆಸರಿನ ಹಿಂದೆ, 1834ರಿಂದ 1861ರವರೆಗೆ ಮೈಸೂರು ಸಂಸ್ಥಾನವನ್ನು ಆಳಿದ ಕಮಿಷನರ್ ಒಬ್ಬರಿದ್ದಾರೆ. ಅವರು ಸಿಂಹಾಸನ ಏರಿದವರಲ್ಲ. ಆದರೂ 27 ವರ್ಷ ಕಾಲ ಈ ನಾಡಿನ ಕಂದಾಯ, ನ್ಯಾಯ, ರಸ್ತೆ, ಪೊಲೀಸು ಎಲ್ಲವೂ ಅವರ ಕೈಯಲ್ಲಿದ್ದವು.

ಐರಿಷ್ ಸಮುದ್ರದ ನಡುವಿನ ಪುಟ್ಟ ದ್ವೀಪವಾದ ಐಲ್ ಆಫ್ ಮ್ಯಾನ್‌ನ ಮಾಘಲ್ಡ್ ಎಂಬ ಹಳ್ಳಿ ಕಬ್ಬನ್ ಅವರ ಹುಟ್ಟೂರು. ತಂದೆ ಅಲ್ಲಿನ ಇಗರ್ಜಿಯ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್ ಮೈಸೂರಿನ ಮಟ್ಟಿಗೆ ಸಾಮಾನ್ಯರಲ್ಲ. ಶ್ರೀರಂಗಪಟ್ಟಣದ ಪತನದ ನಂತರದ ವರ್ಷಗಳಲ್ಲಿ ಮೈಸೂರಿನಲ್ಲಿ ರೆಸಿಡೆಂಟರ ಹೊಣೆ ಹೊತ್ತು, ಈ ಸೀಮೆಯ ಇತಿಹಾಸವನ್ನು ಸಂಪುಟಗಳಲ್ಲಿ ಬರೆದವರು. ಸೆರೆಯಾಳಾಗಿ ನೆಪೋಲಿಯನ್ ಸೇಂಟ್ ಹೆಲೆನಾ ದ್ವೀಪಕ್ಕೆ ಬಂದಿಳಿದಾಗ ಅಲ್ಲಿ ಗವರ್ನರ್ ಆಗಿದ್ದವರೂ ಅವರೇ. ಇಂಥ ಮಾವನ ನೆರಳಿನಲ್ಲಿ ಯುವಕ ಮಾರ್ಕ್ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದರು. ಟಿಪ್ಪು ಸುಲ್ತಾನ್ ಮಡಿದು ಆಗಿನ್ನೂ ಒಂದು ವರ್ಷ.

ಸೈನ್ಯದಲ್ಲಿ ಅವರು ಕೈ ಪಳಗಿಸಿಕೊಂಡದ್ದು ದಂಡಿಗೆ ದವಸ, ಎತ್ತು, ಗಾಡಿ ಒದಗಿಸುವ ಕಮಿಸರಿಯಟ್ ಇಲಾಖೆಯಲ್ಲಿ. ಯಾವ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾವ ದಾರಿಯಲ್ಲಿ ಗಾಡಿ ಹೋಗುತ್ತದೆ, ಯಾವ ಹೊಳೆ ಮಳೆಗಾಲದಲ್ಲಿ ದಾರಿ ಕಟ್ಟುತ್ತದೆ ಎಂಬುದನ್ನು ಅರಿಯದೆ ಆ ಇಲಾಖೆಯಲ್ಲಿ ದಿನ ದೂಡಲಾಗದು. ಮುಂದೆ ಅವರು ರಸ್ತೆ, ಸೇತುವೆಗಳಿಗೆ ಕೊಟ್ಟ ಮಹತ್ವದ ಬೇರು ಇಲ್ಲಿದೆ ಎಂದು ಊಹಿಸಿದರೆ ತಪ್ಪಾಗಲಾರದು.

ದೊರೆಯಿದ್ದೂ ದೊರೆಯಿಲ್ಲದ ನಾಡು

1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ಹಾಗೂ ಅಧಿಕಾರಿಗಳ ಕಿರುಕುಳದ ವಿರುದ್ಧ ಬಂಡೆದ್ದರು. ಕಂಪನಿಗೆ ಮೈಸೂರು ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕಿತ್ತು. ಅದು ನಿಂತೀತೆಂಬ ಭಯ ಮದರಾಸಿಗೆ. ದಂಗೆ ಹಾಗೂ ಬಾಕಿಯ ನೆಪ ಮುಂದಿಟ್ಟು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಮಹಾರಾಜರಿಗೆ ಉಳಿದದ್ದು ಮೈಸೂರಿನ ಅರಮನೆ, ವರ್ಷಕ್ಕೆ 3.5 ಲಕ್ಷ ರೂಪಾಯಿ ಹಾಗೂ ನಿವ್ವಳ ಕಂದಾಯದ ಐದನೇ ಒಂದು ಪಾಲು. ಆಡಳಿತದ ಕೇಂದ್ರ ಬೆಂಗಳೂರಿಗೆ ಬಂತು.

ದಂಗೆಯ ಕಾರಣ ಶೋಧಿಸಲು ನೇಮಿಸಿದ ನಾಲ್ವರ ವಿಚಾರಣಾ ಸಮಿತಿಯಲ್ಲಿ ಹಾಕರ್, ಮಾರಿಸನ್, ಮೆಕ್ಲಿಯಡ್ ಅವರೊಂದಿಗೆ ಕಬ್ಬನ್ ಕೂಡ ಇದ್ದರು. ಸಮಿತಿ 1833ರ ಕೊನೆಯಲ್ಲಿ ವರದಿ ಒಪ್ಪಿಸಿತು. ಮರುವರ್ಷವೇ, ಅಂದರೆ 1834ರ ಜೂನ್‌ನಲ್ಲಿ, ಕಬ್ಬನ್ ಮೈಸೂರಿನ ಕಮಿಷನರ್ ಆದರು. ಒಬ್ಬ ಅರಸರ ಆಡಳಿತದ ಲೋಪಗಳನ್ನು ಪರಿಶೀಲಿಸಲು ಕುಳಿತವರೇ ಅವರ ಜಾಗದಲ್ಲಿ ಆಳಲು ಕುಳಿತದ್ದು ಇತಿಹಾಸದ ವಿಚಿತ್ರ. ತಾವು ಕೈಗೊಂಡ ಕ್ರಮ ಸರಿಯೇ ಎಂಬ ಸಂದೇಹ ಮುಂದೆ ಸ್ವತಃ ಬೆಂಟಿಂಕ್ ಅವರನ್ನೂ ಕಾಡಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಕಬ್ಬನ್ ಆಡಳಿತದಲ್ಲಿ ಎದ್ದು ಕಾಣುವುದು ಅವರ ನಿಧಾನ. ಬಂದವರೇ ಎಲ್ಲವನ್ನೂ ಬುಡಮೇಲು ಮಾಡಲು ಹೊರಡಲಿಲ್ಲ. ಪೂರ್ಣಯ್ಯನವರ ಕಾಲದಿಂದ ಬಂದ ತಾಲ್ಲೂಕು, ಅಮಲ್ದಾರರ ಚೌಕಟ್ಟನ್ನು ಹಾಗೆಯೇ ಇಟ್ಟುಕೊಂಡು, ಅದರ ಮೇಲೆ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳನ್ನು ರಚಿಸಿ ಒಬ್ಬೊಬ್ಬ ಸೂಪರಿಂಟೆಂಡೆಂಟರನ್ನು ಕೂರಿಸಿದರು. ಕನ್ನಡ ಮತ್ತು ಮರಾಠಿ ಕಚೇರಿಯ ಭಾಷೆಗಳಾಗಿ ಉಳಿದವು. ಮದುವೆಗೊಂದು, ಮಗ್ಗಕ್ಕೊಂದು, ಮಾರುವ ಸರಕಿಗೊಂದು ಎಂಬಂತೆ ರೈತರನ್ನೂ ಕಸುಬುದಾರರನ್ನೂ ಹಿಂಡುತ್ತಿದ್ದ 700ಕ್ಕೂ ಹೆಚ್ಚು ಬಗೆಯ ಸಣ್ಣಪುಟ್ಟ ತೆರಿಗೆಗಳು ಅವರ ಕಾಲದಲ್ಲಿ ರದ್ದಾದವು. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಮಿಕ್ಕ ಸೇತುವೆಗಳು ನಿರ್ಮಾಣವಾದವು. ಹೇರೆತ್ತುಗಳ ಬೆನ್ನ ಮೇಲೆ ಸಾಗುತ್ತಿದ್ದ ಸರಕು ಗಾಡಿ ಏರಿತು. ಘಟ್ಟ ಇಳಿದು ಕರಾವಳಿಯ ಬಂದರು ಸೇರುವುದು ಮಲೆನಾಡಿನವರಿಗೆ ಸಲೀಸಾಯಿತು. 1858ರಲ್ಲಿ ಆರಂಭವಾದ ಬೆಂಗಳೂರು ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು.

ಇಷ್ಟೆಲ್ಲಕ್ಕೂ ಹಣ ಬಂದದ್ದು ಇದೇ ನಾಡಿನ ರೈತರ ಕಂದಾಯದಿಂದ ಎಂಬುದನ್ನು ಕಬ್ಬನ್ ಅವರ ಗುಣಗಾನ ಮಾಡುವವರು ಮರೆಯುವುದುಂಟು. ಪೊಗದಿಯ ಹಣವೂ ವರ್ಷ ವರ್ಷ ತಪ್ಪದೆ ಕಂಪನಿಯ ಬೊಕ್ಕಸಕ್ಕೆ ಹೋಗುತ್ತಲೇ ಇತ್ತು.

ಬೆಟ್ಟವೇ ಮದ್ದು

ಕಮಿಷನರ್ ಬಂಗಲೆ ಇದ್ದದ್ದು ಬೆಂಗಳೂರಿನಲ್ಲಿ. 1840ರ ದಶಕದ ಆರಂಭದಲ್ಲಿ ಅವರು ತಮಗಾಗಿ ಕಟ್ಟಿಸಿಕೊಂಡ ಆ ಮನೆಯೇ ಇಂದಿನ ರಾಜಭವನ. ಆದರೆ ಬಿಸಿಲ ತಿಂಗಳುಗಳು ಬಂದವೆಂದರೆ ಅವರ ಚಿತ್ತ ನಂದಿದುರ್ಗದತ್ತ.

ಆ ಕಾಲದ ಯುರೋಪಿನಲ್ಲಿ ಆರೋಗ್ಯಕ್ಕಾಗಿ ಊರು ಬಿಡುವುದು ಉಳ್ಳವರ ವಾಡಿಕೆಯಾಗಿತ್ತು. ಇಟಲಿಯ ಟಸ್ಕನಿ ಪ್ರಾಂತ್ಯದ ಗುಡ್ಡಗಳ ನಡುವಿನ ಬಾನ್ಯಿ ದಿ ಲುಕ್ಕಾ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಇಂಗ್ಲೆಂಡಿನಿಂದ ಜನ ಮುಗಿಬೀಳುತ್ತಿದ್ದರು. ಕವಿ ಶೆಲ್ಲಿ 1818ರಲ್ಲಿ, ಬ್ರೌನಿಂಗ್ ದಂಪತಿ 1849ರಲ್ಲಿ ಅಲ್ಲಿ ತಂಗಿದ್ದರು. ಬುಗ್ಗೆಯಲ್ಲಿ ಮೀಯುವುದು, ಚೆಸ್ಟ್‌ನಟ್ ಮರಗಳ ನೆರಳಿನಲ್ಲಿ ನಡೆಯುವುದು, ಸಂಜೆ ಹರಟೆ, ಇದೇ ಅಲ್ಲಿನ ಚಿಕಿತ್ಸೆ. ಭಾರತದಲ್ಲಿದ್ದ ಆಂಗ್ಲ ಅಧಿಕಾರಿಗಳಿಗೆ ಆ ಸೌಲಭ್ಯವಿರಲಿಲ್ಲ. ಹಡಗಿನಲ್ಲಿ ಊರಿಗೆ ಹೋಗಿ ಬರಲು ವರ್ಷವೇ ಬೇಕಾಗುತ್ತಿತ್ತು. ಹಾಗಾಗಿ ಬಿಸಿನೀರಿನ ಬದಲಿಗೆ ತಣ್ಣನೆಯ ಗಾಳಿಯನ್ನು ಅರಸಿ ಅವರು ಬೆಟ್ಟ ಹತ್ತಿದರು. ಊಟಿ, ಶಿಮ್ಲಾಗಳು ಬೆಳೆದದ್ದು ಹೀಗೆ. ಕಬ್ಬನ್ ಕಮಿಷನರ್ ಆದ 1834ರ ಬೇಸಿಗೆಯಲ್ಲಿ ಬೆಂಟಿಂಕ್ ಸ್ವತಃ ಆರೋಗ್ಯಕ್ಕಾಗಿ ಊಟಿಯಲ್ಲಿ ಬೀಡುಬಿಟ್ಟಿದ್ದರು.

ತಗ್ಗಿನ ಜೌಗು ನೆಲದಿಂದೇಳುವ ಕೆಟ್ಟ ಗಾಳಿಯೇ ಚಳಿಜ್ವರಕ್ಕೆ ಕಾರಣ ಎಂದು ಅಂದಿನ ವೈದ್ಯರು ನಂಬಿದ್ದರು. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಎತ್ತರ ಹೆಚ್ಚಿದಂತೆ ಚಳಿ ಹೆಚ್ಚಿ, ಮಲೇರಿಯಾ ಹರಡುವ ಸೊಳ್ಳೆಗಳ ಕಾಟ ಕಡಿಮೆಯಾಗುತ್ತದೆ. ಕಾರಣ ತಪ್ಪಾಗಿದ್ದರೂ ವೈದ್ಯರ ಸಲಹೆ ಫಲ ಕೊಡುತ್ತಿದ್ದುದು ಇದರಿಂದ.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿಗಿಂತ ಐನೂರು ಮೀಟರಿಗೂ ಹೆಚ್ಚು ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಾಪ ಇಳಿಯುತ್ತದೆಂಬ ಲೆಕ್ಕ ಹಿಡಿದರೆ, ಮೂರು ನಾಲ್ಕು ಡಿಗ್ರಿಯಷ್ಟು ವ್ಯತ್ಯಾಸ. ಕೇಳಲು ಅಲ್ಪವೆನಿಸಬಹುದು. ಏಪ್ರಿಲ್ ತಿಂಗಳ ರಾತ್ರಿಯಲ್ಲಿ, ವಿದ್ಯುತ್ತೇ ಇಲ್ಲದ ಕಾಲದಲ್ಲಿ, ನಿದ್ದೆ ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರ ಅದು.

ಕೇವಲ ನಾಲ್ಕು ದಶಕಗಳ ಹಿಂದೆ ಇದು ರಕ್ತ ಹರಿದ ಕೋಟೆ. ಟಿಪ್ಪುವಿನ ಬೇಸಿಗೆಯ ಬೀಡಾಗಿದ್ದ, ಕಡಿದಾದ ಬಂಡೆಯೇ ಗೋಡೆಯಾದ ಈ ದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯ ಮೂರು ವಾರಗಳ ಮುತ್ತಿಗೆಯ ನಂತರ 1791ರ ಅಕ್ಟೋಬರ್ 19ರಂದು ಲಗ್ಗೆಯಿಟ್ಟು ಗೆದ್ದಿತ್ತು. ಆ ಕೋಟೆಯೊಳಗೇ ಕಬ್ಬನ್ ಅವರಿಗಾಗಿ ಬೇಸಿಗೆಯ ಮನೆ ಎದ್ದಿತು. ಕಟ್ಟಿಸಿದವರು ಅವರ ಕಾರ್ಯದರ್ಶಿ ಫ್ರಾನ್ಸಿಸ್ ಕನ್ನಿಂಗ್‌ಹ್ಯಾಂ. ಬೆಂಗಳೂರಿನ ಕನ್ನಿಂಗ್‌ಹ್ಯಾಂ ರಸ್ತೆ ನೆನಪಿಸುವುದು ಇವರನ್ನೇ. ಪುರಾತತ್ವ ಇಲಾಖೆಯ ಮೂಲಪುರುಷ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ ಇವರ ಅಣ್ಣ.

ಇಂದಿನಂತೆ ಸುತ್ತುವರಿದು ಏರುವ ಡಾಂಬರು ರಸ್ತೆ ಆಗ ಇರಲಿಲ್ಲ. ಕಲ್ಲಿನ ಮೆಟ್ಟಿಲು ದಾರಿಯಲ್ಲಿ ಕಾಲ್ನಡಿಗೆ, ಇಲ್ಲವೇ ಕುದುರೆ, ಅದೂ ಆಗದವರಿಗೆ ಬೋವಿಗಳು ಹೊರುವ ಮೇನೆ. ಮೇಲಿನ ದೊರೆಗಳಿಗೆ ತಂಪು ದಕ್ಕಬೇಕಾದರೆ ದವಸ, ಸೌದೆ, ಪೆಟ್ಟಿಗೆ, ಕಡತಗಳೆಲ್ಲ ಕೆಳಗಿನ ಹಳ್ಳಿಗಳ ಜನರ ಹೆಗಲ ಮೇಲೆ ಬೆಟ್ಟ ಏರಬೇಕಿತ್ತು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅಮೃತ ಸರೋವರದ ನೀರು, ಯೋಗನಂದೀಶ್ವರನ ಗುಡಿಯ ಗಂಟೆ, ಬಂಡೆಯಂಚಿನಲ್ಲಿ ಹಾಯುವ ಮೋಡ ಮಾತ್ರ ಅಂದಿನಂತೆ ಇಂದೂ ಇವೆ. ಪಾಲಾರ್, ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ಹುಟ್ಟುವ ಈ ಗಿರಿಸಾಲಿನ ನೆತ್ತಿಯ ಮೇಲೆ ನಿಂತರೆ ಕೆಳಗಿನ ಕೆರೆಗಳ ಸಾಲು ಕನ್ನಡಿ ಚೂರುಗಳಂತೆ ಹೊಳೆಯುತ್ತದೆ. ಆ ಕೆರೆಗಳಲ್ಲಿ ಬಹಳಷ್ಟು ಈಗ ಬತ್ತಿವೆ ಎಂಬುದು ಬೇರೆ ಮಾತು.

ಕಬ್ಬನ್ ಮದುವೆಯಾಗಲಿಲ್ಲ. ಅರಬ್ಬಿ ಕುದುರೆಗಳೆಂದರೆ ಅವರಿಗೆ ಪ್ರಾಣ. ಅತಿಥಿ ಸತ್ಕಾರದಲ್ಲಿ ಧಾರಾಳಿ. ಅವರೊಂದಿಗೆ ಬಂದ ಎಷ್ಟೋ ಅಧಿಕಾರಿಗಳು ರಜೆ ಪಡೆದು ಊರಿಗೆ ಹೋಗಿ ಬಂದರು, ಹೆಂಡತಿ ಮಕ್ಕಳನ್ನು ಕರೆತಂದರು, ನಿವೃತ್ತರಾಗಿ ಮರಳಿದರು. ಕಬ್ಬನ್ ಮಾತ್ರ 61 ವರ್ಷಗಳಲ್ಲಿ ಒಮ್ಮೆಯೂ ತಾಯ್ನೆಲದ ಮುಖ ಕಾಣಲಿಲ್ಲ. ಮಾಘಲ್ಡ್‌ನ ಹಸಿರು ಗುಡ್ಡ, ತೇವದ ಗಾಳಿ, ಮಂಜಿಗೆ ಹತ್ತಿರವಾದದ್ದು ಏನಾದರೂ ಈ ನಾಡಿನಲ್ಲಿ ಅವರಿಗೆ ಸಿಕ್ಕಿದ್ದರೆ ಅದು ನಂದಿಬೆಟ್ಟದಲ್ಲಿ. ಊಟಿಯೂ ಅಂಥದೇ ಸ್ಥಳ. ಆದರೆ ಅದು ಮದರಾಸಿನವರ ಬೆಟ್ಟ, ನಂದಿ ಮೈಸೂರಿನದು.

ಮದರಾಸಿನೊಡನೆ ಜಟಾಪಟಿ

ಈ ಮದರಾಸು ಮೈಸೂರುಗಳ ಭೇದವೇ ಅವರ ಬದುಕಿನ ಕೊನೆಯ ದೊಡ್ಡ ಜಗಳಕ್ಕೆ ಕಾರಣವಾಯಿತು. 1857ರ ದಂಗೆಯ ವರ್ಷ ಮೈಸೂರು ಶಾಂತವಾಗಿತ್ತು. ಮಹಾರಾಜರೂ ಕಮಿಷನರೂ ಬ್ರಿಟಿಷರಿಗೆ ನೆರವಾದರು. ಆದರೆ 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಭಾರತ ಸರ್ಕಾರದಿಂದ ತೆಗೆದು ಮದರಾಸು ಸರ್ಕಾರಕ್ಕೆ ಒಪ್ಪಿಸುವ ಆದೇಶ ಹೊರಟಿತು. ಅರಮನೆಯಲ್ಲಿ ಮುಮ್ಮಡಿಯವರು ಪ್ರತಿಭಟಿಸಿದರು. ಬೆಂಗಳೂರಿನಲ್ಲಿ ಕಬ್ಬನ್ ರಾಜೀನಾಮೆ ಮುಂದಿಟ್ಟರು. ಮೂರು ದಶಕಗಳ ಕಾಲ ಒಬ್ಬರು ಕಳೆದುಕೊಂಡ ಅಧಿಕಾರವನ್ನು ಇನ್ನೊಬ್ಬರು ಚಲಾಯಿಸಿದ್ದರು; ಮಹಾರಾಜರಿಗೆ ಆಡಳಿತ ಮರಳಿಸಬೇಕೆಂಬ ವಿಷಯದಲ್ಲಿ ಇಬ್ಬರೂ ಎಂದೂ ಒಂದಾದವರಲ್ಲ. ಈ ಒಂದು ಪ್ರಶ್ನೆಯಲ್ಲಿ ಮಾತ್ರ ಇಬ್ಬರ ಹಟವೂ ಒಂದೇ ದಿಕ್ಕಿಗಿತ್ತು. ಗವರ್ನರ್ ಜನರಲ್ ಕ್ಯಾನಿಂಗ್ ಆದೇಶ ಹಿಂತೆಗೆದುಕೊಂಡರು.

ಆ ಆದೇಶ ಜಾರಿಯಾಗಿದ್ದರೆ ಮೈಸೂರು ನಿಧಾನವಾಗಿ ಮದರಾಸು ಪ್ರಾಂತ್ಯದ ಒಂದೆರಡು ಜಿಲ್ಲೆಗಳಾಗಿ ಕರಗಿಹೋಗುವ ಅಪಾಯವಿತ್ತು. ಹಾಗಾಗಲಿಲ್ಲ. 1865ರಲ್ಲಿ ಮುಮ್ಮಡಿಯವರು ಚಾಮರಾಜೇಂದ್ರರನ್ನು ದತ್ತು ಪಡೆದರು; 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿತು. ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಅವರಂಥ ದಿವಾನರು ಕೆಲಸ ಮಾಡಲು ಒಂದು ಮೈಸೂರು ಉಳಿದಿತ್ತು. ರಸ್ತೆ, ಸೇತುವೆಗಳ ಲೆಕ್ಕಕ್ಕಿಂತ ಕಬ್ಬನ್ ಅವರ ಈ ಒಂದು ರಾಜೀನಾಮೆ ಪತ್ರಕ್ಕೆ ಕನ್ನಡಿಗರು ಹೆಚ್ಚು ಋಣಿಗಳು. ಮೈಸೂರು ಆಡಳಿತ ತಮ್ಮದೇ ಎಂಬ ಒಡೆತನದ ಗರ್ವ ಆ ಹಟದಲ್ಲಿ ಇರಲಿಲ್ಲವೆನ್ನಲಾಗದು. ಫಲ ಮಾತ್ರ ನಾಡಿಗೆ ದಕ್ಕಿತು.

ಸೂಯೆಜ್‌ನಲ್ಲಿ ನಿಂತ ಪಯಣ

ಜಗಳ ಗೆದ್ದರೂ ದೇಹ ಸೋತಿತ್ತು. ಬೆಟ್ಟದ ಗಾಳಿಯೂ ಇನ್ನು ಸಾಲದಾಯಿತು. 1861ರ ಆರಂಭದಲ್ಲಿ ಕಬ್ಬನ್ ಅಧಿಕಾರ ಬಿಟ್ಟು ತವರಿನತ್ತ ಹೊರಟರು. 1800ರಲ್ಲಿ ಅವರು ಬಂದಾಗ ಹಡಗುಗಳು ಆಫ್ರಿಕಾ ಖಂಡವನ್ನೇ ಬಳಸಿ ಬರುತ್ತಿದ್ದವು. ಈಗ ಕೆಂಪು ಸಮುದ್ರದಲ್ಲಿ ಹಬೆಹಡಗು ಓಡಾಡುತ್ತಿತ್ತು. ಸೂಯೆಜ್ ಕಾಲುವೆಯ ಅಗೆತ ಆಗಷ್ಟೇ ನಡೆದಿತ್ತು; ಅದು ತೆರೆದದ್ದು 1869ರಲ್ಲಿ. ಹಾಗಾಗಿ ಪ್ರಯಾಣಿಕರು ಸೂಯೆಜ್‌ನಲ್ಲಿ ಇಳಿದು, ರೈಲಿನಲ್ಲಿ ಕೈರೋ ಮಾರ್ಗವಾಗಿ ಅಲೆಕ್ಸಾಂಡ್ರಿಯ ಸೇರಿ, ಅಲ್ಲಿಂದ ಮತ್ತೆ ಹಡಗು ಹತ್ತಬೇಕಿತ್ತು.

ಕಬ್ಬನ್ ಆ ರೈಲು ಹತ್ತಿ ತವರು ಸೇರಲಿಲ್ಲ. 1861ರ ಏಪ್ರಿಲ್ 23ರಂದು ಸೂಯೆಜ್‌ನಲ್ಲಿಯೇ ಕೊನೆಯುಸಿರೆಳೆದರು. ಅಷ್ಟು ವರ್ಷ ಬೇಸಿಗೆಯನ್ನು ತಪ್ಪಿಸಿಕೊಳ್ಳಲು ನಂದಿ ಏರುತ್ತಿದ್ದ ಮನುಷ್ಯನಿಗೆ ಸಾವು ಬಂದದ್ದು ಬೇಸಿಗೆಯಲ್ಲೇ, ಮರಳುಗಾಡಿನ ಅಂಚಿನ ಬಂದರಿನಲ್ಲಿ. ಪಾರ್ಥಿವ ಶರೀರವನ್ನು ಐಲ್ ಆಫ್ ಮ್ಯಾನ್‌ಗೆ ಒಯ್ದು ಮಾಘಲ್ಡ್‌ನ ಇಗರ್ಜಿಯ ಅಂಗಳದಲ್ಲಿ ಮಣ್ಣು ಮಾಡಲಾಯಿತು. ಆರು ದಶಕಗಳ ಹಿಂದೆ ಬಿಟ್ಟುಹೋದ ಊರಿಗೆ ಅವರು ಮರಳಿದ್ದು ಹೀಗೆ.

ಅವರ ನೆನಪಿಗೆ ಬೆಂಗಳೂರು ಕುದುರೆಯ ಮೇಲೆ ಕುಳಿತ ಭಂಗಿಯ ಕಂಚಿನ ಪ್ರತಿಮೆ ನಿಲ್ಲಿಸಿತು. 1866ರಲ್ಲಿ ಅನಾವರಣಗೊಂಡ ಇದನ್ನು ಕಡೆದವರು ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ಶಿಲ್ಪಿ ಕಾರ್ಲೊ ಮಾರೊಕೆಟ್ಟಿ; ಲಂಡನ್ನಿನ ಪಾರ್ಲಿಮೆಂಟ್ ಭವನದ ಹೊರಗಿರುವ ರಿಚರ್ಡ್ ದೊರೆಯ ಪ್ರತಿಮೆಯೂ ಅವರದೇ ಕೈಚಳಕ. ಸೈನ್ಯದ ಕವಾಯತು ಮೈದಾನದಲ್ಲಿದ್ದ ಕಬ್ಬನ್ ಪ್ರತಿಮೆ ನಂತರ ಅಠಾರಾ ಕಚೇರಿಯ ಮುಂದಕ್ಕೆ ಬಂತು. ಗುಲಾಮಗಿರಿಯ ಗುರುತು ನ್ಯಾಯಾಲಯದ ಎದುರು ಏಕೆ ಎಂಬ ಪ್ರಶ್ನೆ ಆಗಾಗ ಏಳುತ್ತಿತ್ತು; ಇತಿಹಾಸವನ್ನು ಅಳಿಸಬಾರದೆಂಬ ಉತ್ತರವೂ ಬರುತ್ತಿತ್ತು. 2020ರಲ್ಲಿ ಅದನ್ನು ಅಲ್ಲಿಂದ ತೆಗೆದು ಉದ್ಯಾನದ ಒಳಗೆ ನಿಲ್ಲಿಸಲಾಯಿತು. ಆ ಉದ್ಯಾನವನ್ನು ಕಬ್ಬನ್ ಕಂಡವರೇ ಅಲ್ಲ. ಅವರು ತೀರಿಕೊಂಡ ಸುಮಾರು ಒಂಬತ್ತು ವರ್ಷಗಳ ನಂತರ, 1870ರಲ್ಲಿ, ರಿಚರ್ಡ್ ಸ್ಯಾಂಕಿ ಅದನ್ನು ರೂಪಿಸಿದರು. ಮೊದಲು ಮೀಡ್ಸ್ ಪಾರ್ಕ್ ಎಂಬ ಹೆಸರಿತ್ತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ನಾಮಕರಣವಾದರೂ ಜನರ ಬಾಯಲ್ಲಿ ಕಬ್ಬನ್ ಪಾರ್ಕ್ ಎಂಬುದೇ ನಿಂತಿತು.

ಕಬ್ಬನ್ ಅವಧಿಯ ಕೊನೆಯಲ್ಲಿ ಬೆಂಗಳೂರಿಗೆ ರೈಲು ತರುವ ಕೆಲಸವೂ ಮೊದಲಾಗಿತ್ತು. ದಂಡು ಪ್ರದೇಶದಿಂದ ಜೋಲಾರಪೇಟೆಗೆ ಮೊದಲ ರೈಲು ಹೊರಟದ್ದು 1864ರ ಆಗಸ್ಟ್‌ನಲ್ಲಿ. ಕೃಷ್ಣರಾಜಪುರ ದಾಟಿ ವೈಟ್‌ಫೀಲ್ಡ್ ಸೇರುವ ಮುನ್ನ ಆ ಹಳಿ ಹಾದುಹೋಗುವುದು ಹೂಡಿಯ ಮಗ್ಗುಲಲ್ಲೇ. ರಾಗಿ ಹೊಲಗಳ ನಡುವಿನ ಹಳ್ಳಿಯಾಗಿದ್ದ ಹೂಡಿಗೆ ಈಗ ತನ್ನದೇ ನಿಲ್ದಾಣವಿದೆ. ಬಂಗಾರಪೇಟೆ, ಮಾಲೂರಿನ ಕಡೆಯಿಂದ ದುಡಿಯಲು ಬರುವವರು ಅಲ್ಲಿ ಇಳಿದು ಕಂಪನಿಗಳತ್ತ ಹೆಜ್ಜೆ ಹಾಕುತ್ತಾರೆ.

ಬೆಟ್ಟಕ್ಕೆ ಆರೋಗ್ಯ ಅರಸಿ ಬರುವ ಪರಂಪರೆಯೂ ಕಬ್ಬನ್ ಅವರೊಂದಿಗೆ ಮುಗಿಯಲಿಲ್ಲ. 1927ರಲ್ಲಿ ಪ್ರವಾಸದ ನಡುವೆ ಅಸ್ವಸ್ಥರಾದ ಗಾಂಧೀಜಿ ವಾರಗಟ್ಟಲೆ ನಂದಿಯ ಮೇಲೆ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. ಅವರು ತಂಗಿದ್ದ ಮನೆ ಗಾಂಧಿ ನಿಲಯವಾಯಿತು. 1986ರ ನವೆಂಬರ್‌ನಲ್ಲಿ ಬೆಂಗಳೂರಿನ ಸಾರ್ಕ್ ಶೃಂಗಸಭೆಗೆ ಬಂದ ನಾಯಕರೂ ಈ ಬೆಟ್ಟ ಏರಿದರು. ಕಬ್ಬನ್ ಬೇಸಿಗೆ ಕಳೆಯುತ್ತಿದ್ದ ಬಂಗಲೆಗೆ ಈಗ ನೆಹರೂ ನಿಲಯ ಎಂಬ ಹೆಸರಿದೆ.